ಹೊಸ ಜರೀಗಿಡ ಸಿಕ್ಕಿದೆ ಅನ್ನಿಸಿದರೆ: ಹಳ್ಳದ ಬಂಡೆಯಿಂದ ವೈಜ್ಞಾನಿಕ ಹೆಸರಿನವರೆಗೆ

ಮಳೆ ಹಿಡಿದರೆ ಸಾಕು, ಆಗುಂಬೆ, ಕೊಡಚಾದ್ರಿ, ಸೋಮವಾರಪೇಟೆ, ಯಲ್ಲಾಪುರದ ಕಡೆಯಿಂದ ಜರೀಗಿಡಗಳ ಫೋಟೊಗಳು ಬರತೊಡಗುತ್ತವೆ. ಜೊತೆಗೆ ಪ್ರತಿಸಲವೂ ಅದೇ ಪ್ರಶ್ನೆ: "ಇದು ಯಾವ ಪುಸ್ತಕದಲ್ಲೂ ಸಿಗುತ್ತಿಲ್ಲ, ಹೊಸ ಪ್ರಭೇದವೇ? ಹೌದಾದರೆ ಹೆಸರಿಡುವುದು ಹೇಗೆ?" ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳುವ ಬದಲು ಇಡೀ ದಾರಿಯನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪಶ್ಚಿಮ ಘಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನಾದರೂ ಹೆಸರಿಡುವ ನಿಯಮಗಳು ಎಲ್ಲ ದೇಶಗಳಿಗೂ ಒಂದೇ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಕಾಡಿನಲ್ಲಿ ನಿಮಗೆ ಸಿಗುವುದು ಅನುಮಾನ ಮಾತ್ರ. ಅದು ಹೊಸ ಪ್ರಭೇದವೆಂದು ತೀರ್ಮಾನವಾಗುವುದು ಹರ್ಬೇರಿಯಂನ ಮೇಜಿನ ಮೇಲೆ, ಅದನ್ನು ಹೋಲುವ ಪ್ರತಿಯೊಂದು ಗಿಡವನ್ನೂ ಪಕ್ಕದಲ್ಲಿಟ್ಟು ನೋಡಿದ ಬಳಿಕ. ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ವಿವರ ಬರೆದು, ತಲೆಮಾರುಗಳ ಕಾಲ ಕಾಪಾಡುವ ಸಂಗ್ರಹಾಲಯ. ಈ ಹೋಲಿಕೆಯ ಕೆಲಸಕ್ಕೆ ಒಂದೆರಡು ವರ್ಷ ಹಿಡಿದರೆ ಆಶ್ಚರ್ಯಪಡಬೇಡಿ.

ತಿಳಿದಿರಬೇಕಾದ ಪದಗಳು

ಜರೀಗಿಡದಲ್ಲಿ ಹೂವಿಲ್ಲ, ಬೀಜವಿಲ್ಲ. ಹೀಗಾಗಿ ಗುರುತು ಹಿಡಿಯಲು ನೋಡುವ ಅಂಗಗಳೇ ಬೇರೆ. ಎಲೆಯಂತೆ ಕಾಣುವ ಇಡೀ ಭಾಗ ಫ್ರಾಂಡ್. ಅದರ ತೊಟ್ಟು ಸ್ಟೈಪ್, ನಡುದಂಡು ರೇಕಿಸ್, ದಂಡಿನ ಎರಡು ಬದಿಗೆ ಬರುವ ಕಿರುಎಲೆಗಳು ಪಿನ್ನಾಗಳು. ನೆಲದಲ್ಲೋ ಬಂಡೆಯ ಮೇಲೋ ಹರಿಯುವ ಕಾಂಡ ರೈಜೋಮ್. ರೈಜೋಮ್ ಮತ್ತು ಸ್ಟೈಪಿನ ಬುಡಕ್ಕೆ ಅಂಟಿಕೊಂಡಿರುವ ಕಂದು ಬಣ್ಣದ ತೆಳು ಹುರುಪೆಗಳನ್ನು ಎಂದೂ ಕಡೆಗಣಿಸಬೇಡಿ. ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸುವುದು ಅವುಗಳ ಅಂಚು, ಬಣ್ಣ, ಉದ್ದದಿಂದಲೇ. ಎಲೆಯ ಬೆನ್ನಿಗೆ ಕಾಣುವ ಕಂದು ಚುಕ್ಕೆ ಅಥವಾ ಗೆರೆ ಸೋರಸ್, ಅಂದರೆ ಬೀಜಕಚೀಲಗಳ ಗುಂಪು. ಅದನ್ನು ಮುಚ್ಚುವ ಪೊರೆ ಇಂಡೂಸಿಯಂ. ಚೀಲದೊಳಗಿನ ಧೂಳು ಬೀಜಕ, ಸ್ಪೋರ್.

ಉಪಕರಣಗಳ ಪಟ್ಟಿ ಚಿಕ್ಕದು. ಹತ್ತು ಪಟ್ಟು ಹಿಗ್ಗಿಸುವ ಕೈಲೆನ್ಸ್, ಹಳೆಯ ಪತ್ರಿಕೆ, ಗಿಡ ಒತ್ತಿ ಒಣಗಿಸುವ ಮರದ ಪ್ರೆಸ್, ತೇವ ಹೀರುವ ಸಿಲಿಕಾ ಜೆಲ್ ಹರಳು, ಜಿಪಿಎಸ್ ಇರುವ ಫೋನು, ಪೆನ್ಸಿಲ್, ನೀರಿಗೆ ಹೆದರದ ನೋಟ್‌ಪುಸ್ತಕ. ಇಂಬಳಕ್ಕೆ ಏನು ಮಾಡಬೇಕೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಸೂಕ್ಷ್ಮದರ್ಶಕ ಮಾತ್ರ ಬೇಕೇ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿ.

ಹಂತ 1: ಜೊತೆಗಾರರು, ಅನುಮತಿ

ಒಬ್ಬರೇ ಹೊರಡಬೇಡಿ. ಜರೀಗಿಡಗಳ ವರ್ಗೀಕರಣದಲ್ಲಿ ಕೆಲಸ ಮಾಡಿದವರೊಬ್ಬರನ್ನು ಮೊದಲೇ ಜೊತೆಗೆ ಸೇರಿಸಿಕೊಳ್ಳಿ. ಅನುಮತಿ ಪತ್ರವೂ ಸಾಮಾನ್ಯವಾಗಿ ಸಂಸ್ಥೆಯ ಮೂಲಕ ಹೋದರೇನೇ ಮುಂದೆ ಸಾಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ ವನ್ಯಜೀವಿಧಾಮಗಳಂಥ ಜಾಗದಲ್ಲಿ ಒಂದು ಎಲೆ ಕೀಳುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಮೀಸಲು ಅರಣ್ಯದಲ್ಲಾದರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಲೇಬೇಕು. ಮೊದಲು ಕಿತ್ತು ಆಮೇಲೆ ಅರ್ಜಿ ಹಾಕುವವರಿದ್ದಾರೆ. ಅದು ಅಪರಾಧ. ಲೇಖನ ಪ್ರಕಟಿಸುವ ವೈಜ್ಞಾನಿಕ ಪತ್ರಿಕೆಯವರು ಅನುಮತಿ ಸಂಖ್ಯೆ ಕೇಳಿದ ದಿನ ಅಂಥವರ ಪೂರ್ತಿ ಕೆಲಸ ನೀರಿನಲ್ಲಿ ಹೋಮವಾಗುತ್ತದೆ.

ಹೊರದೇಶದ ತಜ್ಞರಿಗೆ ಮಾದರಿ ಕಳಿಸುವ ಯೋಚನೆಯಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯನ್ನು ಓದಿಕೊಳ್ಳಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ತಿಳಿಯದೆ ಅಂಚೆ ಡಬ್ಬಿಗೆ ಹಾಕಬೇಡಿ. ಗಿಡ ಮರಜರಿಯಾಗಿದ್ದರೆ, ಅಂದರೆ ತೆಂಗಿನಂತೆ ಕಾಂಡ ಎತ್ತರಕ್ಕೆ ಬೆಳೆಯುವ ಸೈಥಿಯಾ ಗುಂಪಿನದಾದರೆ, ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವೂ ಅಡ್ಡ ಬರುತ್ತದೆ.

ಹಂತ 2: ಸಂಗ್ರಹ

ಘಟ್ಟದಲ್ಲಿ ಹೆಚ್ಚಿನ ಜರೀಗಿಡಗಳ ಬೀಜಕ ಬಲಿಯುವುದು ಮಳೆ ಹಿಂದೆ ಸರಿಯುವ ಕಾಲದಲ್ಲಿ, ಸುಮಾರಾಗಿ ಸೆಪ್ಟೆಂಬರ್‌ನಿಂದ ಜನವರಿಯೊಳಗೆ. ಜೂನ್‌ನಲ್ಲಿ ಕಂಡ ಎಳೆಗಿಡವನ್ನು ಗುರುತು ಮಾಡಿಟ್ಟು, ಬೀಜಕ ಬಂದಾಗ ಮತ್ತೆ ಹೋಗಿ. ಬೀಜಕವಿಲ್ಲದ ಮಾದರಿಯಿಂದ ಹೊಸ ಪ್ರಭೇದ ವಿವರಿಸಲು ಹೊರಡಬೇಡಿ.

ಕೀಳುವ ಮೊದಲು ಎಣಿಸಿ. ಇಪ್ಪತ್ತು ಗಿಡಕ್ಕಿಂತ ಕಡಿಮೆಯಿದ್ದರೆ ಒಂದನ್ನೂ ಬುಡಸಮೇತ ತೆಗೆಯಬೇಡಿ. ಬಲಿತ ಫ್ರಾಂಡ್ ಒಂದೆರಡು, ಹುರುಪೆಯಿರುವ ರೈಜೋಮಿನ ಸಣ್ಣ ತುಂಡು ಸಾಕು. ಹೊಸದೆಂದು ಹೇಳುವ ಗಿಡವನ್ನು ಹೇಳುವ ಮೊದಲೇ ಮುಗಿಸಿಬಿಟ್ಟರೆ ಆ ಹೆಸರಿನಿಂದ ಯಾರಿಗೆ ಏನು ಬಂತು?

ಒಣಗಿದ ಮೇಲೆ ಕಾಣದ ಸಂಗತಿಗಳನ್ನು ಅಲ್ಲೇ ಬರೆದುಕೊಳ್ಳಿ: ಬಣ್ಣ, ಹೊಳಪು, ಸುರುಳಿ ಚಿಗುರಿನ ರೋಮ, ಬಂಡೆಯೋ ಮರವೋ ಮಣ್ಣೋ, ನೆರಳೆಷ್ಟು, ನೀರು ಸಿಡಿಯುತ್ತದೆಯೇ, ಸಮುದ್ರಮಟ್ಟದಿಂದ ಎತ್ತರ, ಜೊತೆಯಲ್ಲಿ ಯಾವ ಜರೀಗಿಡಗಳಿವೆ. ಕೊನೆಯದು ಯಾಕೆ ಮುಖ್ಯ ಎಂಬುದು ನಾಲ್ಕನೆಯ ಹಂತದಲ್ಲಿ ಗೊತ್ತಾಗುತ್ತದೆ. ಊರಿನವರು ಗಿಡಕ್ಕೆ ಏನೆನ್ನುತ್ತಾರೆ, ತಿನ್ನುತ್ತಾರೆಯೇ ಎಂದು ಕೇಳಿ. ಕೊಡಗಿನಲ್ಲಿ ತೆರ್ಮೆ ತೊಪ್ಪು, ಅಂದರೆ ತಿನ್ನುವ ಜರಿಯ ಎಳೆಚಿಗುರು, ಕೊಯ್ಯುವ ಹೆಂಗಸರು ತಿನ್ನುವ ಜರಿ, ತಿನ್ನದ ಜರಿಗಳ ವ್ಯತ್ಯಾಸವನ್ನು ನಮ್ಮಂಥವರಿಗಿಂತ ಬೇಗ ಹಿಡಿಯುತ್ತಾರೆ.

ಪ್ರೆಸ್‌ನಲ್ಲಿಡುವಾಗ ಒಂದು ಫ್ರಾಂಡಿನ ಮೇಲ್ಮೈ, ಇನ್ನೊಂದರ ಬೆನ್ನು ಕಾಣುವಂತೆ ಇಡಿ. ಎರಡನ್ನೂ ಒಂದೇ ಮಗ್ಗುಲಿಗೆ ಹಾಕಿ ಅಂಟಿಸಿದರೆ ಸೋರಸ್ ನೋಡಲು ಹಾಳೆಯನ್ನೇ ಹರಿಯಬೇಕಾಗುತ್ತದೆ. ಮಳೆಗಾಲದಲ್ಲಿ ಕಾಗದವನ್ನು ದಿನಾ ಬದಲಿಸದಿದ್ದರೆ ಬೂಷ್ಟು ಖಚಿತ. ಡಿಎನ್‌ಎಗಾಗಿ ಹಸಿರು ಪಿನ್ನಾದ ಒಂದು ಚೂರನ್ನು ಚಹಾಪುಡಿಯ ತೆಳು ಚೀಲದಂಥದ್ದರಲ್ಲಿ ಹಾಕಿ ಧಾರಾಳ ಸಿಲಿಕಾ ಜೆಲ್ ನಡುವೆ ಇಡಿ. ಪ್ರತಿ ಸಂಗ್ರಹಕ್ಕೂ ಒಂದು ಸಂಖ್ಯೆ ಕೊಡಿ. ಒಂದು ಸಂಖ್ಯೆ ಅಂದರೆ ಒಂದೇ ಜಾಗ, ಒಂದೇ ದಿನ. ಈ ಶಿಸ್ತು ಎಷ್ಟು ಮುಖ್ಯವೆಂದು ಆರನೆಯ ಹಂತದಲ್ಲಿ ಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಮಾದರಿ, ಆರಿಸುವಾಗ ತಿಳಿಯುತ್ತದೆ.

ಹಂತ 3: ಹೋಲಿಕೆ, ಹೋಲಿಕೆ, ಮತ್ತೆ ಹೋಲಿಕೆ

ನಿಮ್ಮ ಸಮಯದಲ್ಲಿ ಮುಕ್ಕಾಲು ಪಾಲು ಇಲ್ಲಿಗೇ ಹೋಗಬೇಕು.

ಮೊದಲು ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಯಾವುದೆಂದು ಖಚಿತಪಡಿಸಿಕೊಳ್ಳಿ. ಸೋರಸ್ ನರದ ಒಂದು ಬದಿಗೆ ಗೆರೆಯಂತಿದ್ದರೆ ಅಸ್ಪ್ಲೀನಿಯಂ ಇರಬಹುದು. ಗೆರೆಗಳು ಅಲ್ಲಲ್ಲಿ ನರದ ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರೆ ಡಿಪ್ಲೇಜಿಯಂ. ಪೊರೆ ಕೊಡೆಯಂತೆ ದುಂಡಗಿದ್ದರೆ ಪಾಲಿಸ್ಟಿಕಂ, ಮೂತ್ರಪಿಂಡದ ಆಕಾರವಾದರೆ ಡ್ರಯಾಪ್ಟೆರಿಸ್. ಎಲೆಯ ಅಂಚೇ ಮಡಚಿ ಸೋರಸ್ ಮುಚ್ಚಿದ್ದರೆ ಟೆರಿಸ್ ಕಡೆ ನೋಡಿ. ಇವು ಹೊಸಿಲು ಮಾತ್ರ, ಒಳಗೆ ಕೋಣೆಗಳು ಬಹಳ.

ಆಮೇಲೆ ಆ ಕುಲದಲ್ಲಿ ದಕ್ಷಿಣ ಭಾರತದ ಪಟ್ಟಿ ಮಾಡಿ. ಇಲ್ಲಿಗೇ ನಿಲ್ಲಿಸುವುದು ಅತಿ ಸಾಮಾನ್ಯ ತಪ್ಪು. ಬೀಜಕ ಗಾಳಿಯಲ್ಲಿ ದೂರ ಹೋಗುತ್ತದೆ. ನಿಮ್ಮ ಗಿಡಕ್ಕೆ ಶ್ರೀಲಂಕಾದಲ್ಲಿ, ಈಶಾನ್ಯ ಭಾರತದಲ್ಲಿ, ಮ್ಯಾನ್ಮಾರ್ ಅಥವಾ ಮಲೇಷ್ಯಾದಲ್ಲಿ, ಕೆಲವೊಮ್ಮೆ ಆಫ್ರಿಕಾದಲ್ಲಿ ನೂರೈವತ್ತು ವರ್ಷದ ಹಿಂದೆಯೇ ಹೆಸರು ಬಿದ್ದಿರಬಹುದು. ಜಗತ್ತಿನಲ್ಲಿ ಜರೀಗಿಡ ಮತ್ತು ಅವುಗಳ ಸಮೀಪದ ಸಸ್ಯಗಳು ಸುಮಾರು 12,000 ಪ್ರಭೇದಗಳೆಂದು 2016ರ ಅಂತರರಾಷ್ಟ್ರೀಯ ವರ್ಗೀಕರಣ ಲೆಕ್ಕ ಹಾಕಿತ್ತು. ತೋಟದಿಂದ ತಪ್ಪಿಸಿಕೊಂಡು ಬಂದವೂ ಇವೆ. ರಸ್ತೆ ಕೊರೆದ ದರೆಗಳಲ್ಲಿ ಬೆನ್ನಿಗೆ ಬೆಳ್ಳಿಯ ಪುಡಿ ಮೆತ್ತಿದಂತೆ ಕಾಣುವ ಪಿಟಿರೋಗ್ರಾಮ ಕೆಲೊಮೆಲನಾಸ್ ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯೂರಿದ ಗಿಡ.

ಹಳೆಯ ಸಾಹಿತ್ಯವಿಲ್ಲದೆ ಮುಂದೆ ಹೋಗಲಾಗದು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್ 1863-64ರಲ್ಲಿ ದಕ್ಷಿಣ ಭಾರತದ ಜರೀಗಿಡಗಳನ್ನು ಚಿತ್ರಸಮೇತ ಪ್ರಕಟಿಸಿದರು, 1883ರಲ್ಲಿ ಬ್ರಿಟಿಷ್ ಭಾರತದ ಜರೀಗಿಡಗಳ ಕೈಪಿಡಿ ತಂದರು. ಇವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅವರ ಕಾಲದ ಹೆಸರು ಈಗಿನದಲ್ಲ. ಅಂದು ನೆಫ್ರೋಡಿಯಂ ಎಂಬ ಒಂದೇ ಚೀಲದಲ್ಲಿದ್ದ ಗಿಡಗಳು ಇಂದು ಹಲವು ಕುಲಗಳಲ್ಲಿ ಹಂಚಿಹೋಗಿವೆ. ಹೀಗೆ ಒಂದೇ ಗಿಡಕ್ಕೆ ಬಿದ್ದ ಬೇರೆ ಹೆಸರುಗಳನ್ನು ಸಮಾನನಾಮ ಎನ್ನುತ್ತಾರೆ. ಸಮಾನನಾಮಗಳ ರಾಶಿಯಲ್ಲೇ ನಿಮ್ಮ "ಹೊಸ" ಗಿಡ ಮಲಗಿರಬಹುದು, ಹಾಗಾಗಿ ಅವನ್ನೂ ಒಂದೊಂದಾಗಿ ನೋಡಬೇಕು. ಕರ್ನಾಟಕದ ಮಟ್ಟಿಗೆ ಪಿ.ಕೆ. ರಾಜಗೋಪಾಲ್ ಮತ್ತು ಉಡುಪಿಯ ಕೆ. ಗೋಪಾಲಕೃಷ್ಣ ಭಟ್ 1998ರಲ್ಲಿ ಪ್ರಕಟಿಸಿದ ಪಟ್ಟಿಯಿಂದ ಶುರುಮಾಡುವುದು ಒಳ್ಳೆಯದು.

ಆಮೇಲೆ ಹರ್ಬೇರಿಯಂಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ, ಜೆಸಿಬಿ ಎಂಬ ಸಂಕೇತದ ಹರ್ಬೇರಿಯಂ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ, ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ. ಲಂಡನ್ನಿನ ಕ್ಯೂ ಸಸ್ಯೋದ್ಯಾನ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಎಷ್ಟೋ ಹಾಳೆಗಳ ಚಿತ್ರ ಅಂತರ್ಜಾಲದಲ್ಲೇ ಸಿಗುತ್ತದೆ. ಚಿತ್ರ ನೋಡಿ ತೃಪ್ತರಾಗಬೇಡಿ, ಆಗುವಷ್ಟು ಹಾಳೆಗಳನ್ನು ಕೈಯಾರೆ ನೋಡಿ. ಹುರುಪೆಯ ಅಂಚಿನ ಹಲ್ಲು ಫೋಟೊದಲ್ಲಿ ಕಾಣುವುದಿಲ್ಲ.

ಮೋಸಹೋಗುವ ಇನ್ನೆರಡು ಜಾಗ. ಒಂದು, ನೆರಳಿನ ಗಿಡ ಮತ್ತು ಬಿಸಿಲಿನ ಗಿಡ ಒಂದೇ ಪ್ರಭೇದವಾದರೂ ಅಣ್ಣತಮ್ಮಂದಿರಂತೆ ಕಾಣುವುದಿಲ್ಲ. ಎರಡು, ಕೆಲವು ಜರಿಗಳಲ್ಲಿ ಒಂದೇ ಗಿಡಕ್ಕೆ ಎರಡು ಬಗೆಯ ಫ್ರಾಂಡ್ ಇರುತ್ತದೆ. ಮರಗಳ ಮೇಲೆ ಬೆಳೆಯುವ ಡ್ರೈನೇರಿಯಾದಲ್ಲಿ ಕಸ ಹಿಡಿದಿಡುವ ಕಂದು ಎಲೆಯೇ ಬೇರೆ, ಬೀಜಕ ಹೊರುವ ಹಸಿರು ಎಲೆಯೇ ಬೇರೆ. ಒಂದು ಎಲೆ ಮಾತ್ರ ನೋಡಿದವರಿಗೆ ಅವು ಎರಡು ಗಿಡ.

ಹಂತ 4: ಬೀಜಕ ಏನು ಹೇಳುತ್ತದೆ

ಈ ಹಂತವನ್ನು ಹಾರಿಸುವವರೇ ಹೆಚ್ಚು, ಆಮೇಲೆ ಪತ್ರಿಕೆಯ ಪರವಾಗಿ ಲೇಖನ ಓದಿ ತೂಗುವ ಪರಿಶೀಲಕರ ಕೈಲಿ ಸಿಕ್ಕಿಬೀಳುವವರೂ ಇವರೇ.

ಸೋರಸ್ ಕಂದಾಗಿ, ಇನ್ನೂ ಒಡೆಯದಿರುವಾಗ ಒಂದು ಪಿನ್ನಾವನ್ನು ಬೆನ್ನು ಕೆಳಗಾಗಿ ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಧೂಳಿನ ಚಿತ್ರ ಮೂಡಿರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಬೀಜಕಗಳೆಲ್ಲ ಒಂದೇ ಗಾತ್ರ, ತುಂಬಿದ ಮೈ ಇದ್ದರೆ ಒಳ್ಳೆಯ ಸೂಚನೆ. ಕೆಲವು ದೊಡ್ಡವು, ಕೆಲವು ಸುಕ್ಕು, ಕೆಲವು ಖಾಲಿ ಚಿಪ್ಪು, ಹೀಗಿದ್ದರೆ ನಿಮ್ಮ ಕೈಲಿರುವುದು ಎರಡು ಪ್ರಭೇದಗಳ ಮಿಶ್ರತಳಿಯಿರಬಹುದು. ಜರೀಗಿಡಗಳಲ್ಲಿ ಮಿಶ್ರತಳಿ ಬಹಳ ಸಾಮಾನ್ಯ. ಅದು ಎರಡೂ ತಾಯ್ತಂದೆಯ ಗುಣ ಅರ್ಧರ್ಧ ಹೊತ್ತು ನಿಲ್ಲುವುದರಿಂದಲೇ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ, ಹೊಸದೆನ್ನಿಸುತ್ತದೆ. ಸುತ್ತಮುತ್ತಲಿನ ಜರಿಗಳನ್ನು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಹತ್ತು ಮಾರಿನೊಳಗೆ ತಾಯ್ತಂದೆ ಇಬ್ಬರೂ ನಿಂತಿರಬಹುದು.

ಮುಂದೆ, ಒಡೆಯದ ಬೀಜಕಚೀಲ ಒಂದನ್ನು ಗಾಜಿನ ಮೇಲೆ ಸೂಜಿಯಿಂದ ಬಿಡಿಸಿ ಬೀಜಕ ಎಣಿಸಿ. ಬಹುಪಾಲು ಜರಿಗಳಲ್ಲಿ ಚೀಲಕ್ಕೆ 64 ಇದ್ದರೆ ಮಾಮೂಲಿ ಲೈಂಗಿಕ ಸಂತಾನ. 32 ಇದ್ದರೆ ಗರ್ಭಧಾರಣೆಯಿಲ್ಲದೆ ಮರಿ ಹುಟ್ಟಿಸುವ ಗಿಡ, ಅಪೋಗಮಿ ಎನ್ನುತ್ತಾರೆ. ಅಂಥ ಗಿಡಗಳಲ್ಲಿ ಒಂದು ಸಣ್ಣ ವ್ಯತ್ಯಾಸ ತಲೆಮಾರಿನಿಂದ ತಲೆಮಾರಿಗೆ ಹಾಗೇ ನಕಲಾಗುತ್ತ ಹೋಗುವುದರಿಂದ ಅದನ್ನೇ ಪ್ರಭೇದದ ಗಡಿಯೆಂದು ಭಾವಿಸುವುದು ಅಪಾಯ. ಕನಿಷ್ಠ ಐದಾರು ಗಿಡಗಳ ಹತ್ತಾರು ಚೀಲಗಳನ್ನಾದರೂ ಎಣಿಸಿ.

ಬೀಜಕದ ಹೊರಮೈಯ ಮಡಿಕೆ, ಮುಳ್ಳು, ಜಾಲರಿ ನೋಡಲು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕೊಟ್ಟು ಮಾಡಿಸಬಹುದು. ಗುಜರಾತಿನ ಡಾಂಗ್ ಜಿಲ್ಲೆಯ ಆಹ್ವಾ ಕಾಡಿನಿಂದ 2018ರಲ್ಲಿ ವಿವರಿಸಿದ ಓಫಿಯೋಗ್ಲಾಸಂ ಮಾಲ್ವಿಯೇ ಕೇವಲ ಒಂದು ಸೆಂಟಿಮೀಟರ್ ಎತ್ತರದ ಗಿಡ. ಗಾತ್ರವೊಂದೇ ಆಧಾರವಾಗಿದ್ದರೆ ಬೇರೆ ಪ್ರಭೇದದ ಮರಿ ಎನ್ನಲು ಯಾರಿಗೂ ಕಷ್ಟವಿರಲಿಲ್ಲ. ವಿವರಿಸಿದವರು ಬೀಜಕದ ದಪ್ಪ ಹೊರಕವಚವನ್ನೂ ತೋರಿಸಿದರು.

ಹಂತ 5: ಡಿಎನ್‌ಎ

ಹೆಸರಿಡುವ ನಿಯಮ ಡಿಎನ್‌ಎ ಕೇಳುವುದಿಲ್ಲ. ಈಗ ಅನೇಕ ಪತ್ರಿಕೆಗಳು ಕೇಳುತ್ತವೆ. ಜರಿಗಳಲ್ಲಿ ಹೆಚ್ಚಾಗಿ ಬಳಸುವ ಆರ್‌ಬಿಸಿಎಲ್, ಟಿಆರ್‌ಎನ್‌ಎಲ್-ಎಫ್ ತುಣುಕುಗಳು ಹರಿತ್ತಿನ ಕಣದವು, ಅಂದರೆ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬಂದವು. ಹಾಗಾಗಿ ಮಿಶ್ರತಳಿಯನ್ನು ಪರೀಕ್ಷಿಸಿದರೆ ತಾಯಿ ಕಾಣುತ್ತಾಳೆ, ತಂದೆ ಕಾಣುವುದಿಲ್ಲ. ಬೀಜಕ ಎಣಿಸದೆ ಡಿಎನ್‌ಎ ಮಾತ್ರ ನಂಬಿದವರಿಗೆ ಈ ಗುಂಡಿ ಕಾದಿರುತ್ತದೆ.

ಹಂತ 6: ಟೈಪ್ ಮಾದರಿ

ಹೆಸರು ನಿಮ್ಮ ವಿವರಣೆಗೆ ಅಂಟಿಕೊಂಡಿರುವುದಿಲ್ಲ. ಅದು ಅಂಟಿಕೊಳ್ಳುವುದು ಒಂದು ಒಣಹಾಳೆಗೆ. ಅದೇ ಹೋಲೋಟೈಪ್. ನಾಳೆ ನಿಮ್ಮ ವಿವರಣೆ ತಪ್ಪೆಂದು ತೋರಿದರೂ ಆ ಹಾಳೆಯಲ್ಲಿರುವ ಗಿಡಕ್ಕೇ ಆ ಹೆಸರು. ಅದೇ ಸಂಗ್ರಹದ ಜೋಡಿ ಹಾಳೆಗಳು ಐಸೋಟೈಪ್. ಲೇಖನದಲ್ಲಿ ಉಲ್ಲೇಖಿಸಿದ ಬೇರೆ ಸಂಗ್ರಹಗಳು ಪ್ಯಾರಾಟೈಪ್.

1990ರ ಜನವರಿ 1ರಿಂದ ಲೇಖನದಲ್ಲಿ "ಟೈಪ್" ಅಥವಾ "ಹೋಲೋಟೈಪ್" ಎಂಬ ಪದವೂ, ಅದನ್ನಿಟ್ಟ ಒಂದೇ ಒಂದು ಹರ್ಬೇರಿಯಂನ ಹೆಸರೂ ಇರಲೇಬೇಕು. ಎರಡು ಹರ್ಬೇರಿಯಂ ಬರೆದು ಯಾವುದರಲ್ಲಿ ಹೋಲೋಟೈಪ್ ಎಂದು ಹೇಳದಿದ್ದರೆ ಹೆಸರು ಬಿದ್ದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಕಿತ್ತ ರೈಜೋಮ್ ಮತ್ತು ನವೆಂಬರ್‌ನಲ್ಲಿ ತಂದ ಬೀಜಕದ ಎಲೆಯನ್ನು ಸೇರಿಸಿ ಒಂದು ಹೋಲೋಟೈಪ್ ಮಾಡುವಂತಿಲ್ಲ, ಅದು ಒಂದೇ ಸಂಗ್ರಹವಲ್ಲ. ಗಿಡ ದೊಡ್ಡದಾಗಿ ಮೂರು ಹಾಳೆ ಬೇಕಾದರೆ ಪ್ರತಿಯೊಂದರ ಮೇಲೂ "3ರಲ್ಲಿ 1", "3ರಲ್ಲಿ 2" ಎಂದು ಬರೆದು ಒಂದೇ ಮಾದರಿಯೆಂದು ತೋರಿಸಿ. ಲೇಖನ ಕಳಿಸುವ ಮೊದಲೇ ಹಾಳೆ ಹರ್ಬೇರಿಯಂ ಸೇರಿ, ದಾಖಲಾತಿ ಸಂಖ್ಯೆ ಸಿಕ್ಕಿರಬೇಕು. "ಮುಂದೆ ಸಲ್ಲಿಸಲಾಗುವುದು" ಎಂದು ಬರೆದ ಎಷ್ಟೋ ಮಾದರಿಗಳು ಯಾರದೋ ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿದಿವೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ.

ಹಂತ 7: ಹೆಸರು

ಎರಡು ಪದ: ಕುಲ, ಪ್ರಭೇದ ಸೂಚಕ. ಸೂಚಕ ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಆಗುಂಬೆಯಿಂದ ಹೆಸರು ಕಟ್ಟುವುದಾದರೆ, ನಪುಂಸಕ ಲಿಂಗದ ಅಸ್ಪ್ಲೀನಿಯಂ ಜೊತೆ "ಆಗುಂಬೆನ್ಸೆ", ಸ್ತ್ರೀಲಿಂಗದ ಟೆರಿಸ್ ಜೊತೆ "ಆಗುಂಬೆನ್ಸಿಸ್". ಉದಾಹರಣೆಗೆ ಹೇಳಿದೆ ಅಷ್ಟೆ, ಇಲ್ಲಿ ಬರೆದ ಮಾತ್ರಕ್ಕೆ ಇವು ಹೆಸರುಗಳಾಗುವುದಿಲ್ಲ. ವ್ಯಕ್ತಿಯ ಗೌರವಾರ್ಥವಾದರೆ ಗಂಡಸಿಗೆ "ಇ", ಹೆಂಗಸಿಗೆ "ಏ" ಎಂಬ ಷಷ್ಠಿ ಪ್ರತ್ಯಯ. ಬೆಡ್ಡೋಮ್ ನೆನಪಿನಲ್ಲಿ "ಬೆಡ್ಡೋಮೆಯಿ" ಎಂಬ ಸೂಚಕ ಬಂದದ್ದು ಹೀಗೆ. ಆ ಕುಲದಲ್ಲಿ ಅದೇ ಸೂಚಕ ಜಗತ್ತಿನ ಎಲ್ಲಿಯೂ ಮೊದಲೇ ಬಳಕೆಯಾಗಿರಬಾರದು. ಅಂತರರಾಷ್ಟ್ರೀಯ ಸಸ್ಯನಾಮ ಸೂಚಿಯಲ್ಲಿ, ಐಪಿಎನ್‌ಐ ಎಂದು ಕರೆಯುತ್ತಾರೆ, ಹುಡುಕಿ ನೋಡಿ.

ನಿಮ್ಮ ಹೆಸರನ್ನೇ ಇಟ್ಟುಕೊಳ್ಳಬೇಡಿ. ನಿಯಮ ತಡೆಯುವುದಿಲ್ಲ, ಸಂಪ್ರದಾಯ ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ಹಳ್ಳದ ಹೆಸರು, ಬೆಟ್ಟದ ಹೆಸರು, ದಾರಿ ತೋರಿದ ಅರಣ್ಯ ವೀಕ್ಷಕರ ಹೆಸರು ಇಡುವುದು ಹೆಚ್ಚು ಚೆಂದ.

ಹಂತ 8: ವಿವರಣೆ ಬರೆಯುವುದು

1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಕಡ್ಡಾಯವಾಗಿತ್ತು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ನಡೆಯುತ್ತದೆ. ಕನ್ನಡದಲ್ಲಿ ಮಾತ್ರ ಬರೆದ ವಿವರಣೆ ನಿಯಮದ ಪ್ರಕಾರ ಸಲ್ಲದು. ಆದರೆ ಊರಿನ ಹೆಸರು, ಬಳಕೆ, ಹೆಸರಿನ ಮೂಲವನ್ನು ಲೇಖನದೊಳಗೆ ಸೇರಿಸಲು ಅಡ್ಡಿಯಿಲ್ಲ, ದಯವಿಟ್ಟು ಸೇರಿಸಿ.

ಮೊದಲು ಡಯಾಗ್ನೋಸಿಸ್: ಅತಿ ಹತ್ತಿರದ ಪ್ರಭೇದದಿಂದ ಇದು ಹೇಗೆ ಬೇರೆ ಎಂಬ ಎರಡು ಮೂರು ವಾಕ್ಯ. ಆಮೇಲೆ ಪೂರ್ತಿ ವಿವರಣೆ, ರೈಜೋಮಿನಿಂದ ಶುರುವಾಗಿ ಬೀಜಕದಲ್ಲಿ ಮುಗಿಯಬೇಕು. "ಉದ್ದನೆಯ", "ಸಣ್ಣ" ಎನ್ನಬೇಡಿ, ಅಳೆದು ಬರೆಯಿರಿ. (8–)12–20(–26) ಸೆಂ.ಮೀ. ಎಂದರೆ ಸಾಮಾನ್ಯವಾಗಿ 12ರಿಂದ 20, ಅಪರೂಪಕ್ಕೆ 8 ಅಥವಾ 26. ಹತ್ತಿರದ ಪ್ರಭೇದಗಳೊಂದಿಗೆ ಹೋಲಿಕೆಯ ಕೋಷ್ಟಕ, ಅಳತೆಗೆರೆಯಿರುವ ರೇಖಾಚಿತ್ರ, ಫೋಟೊಗಳು, ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಪ್ರಭೇದಕ್ಕೆ ಕರೆದೊಯ್ಯುವ ಗುರುತಿನ ಕೀಲಿ ಇರಲಿ. ಕೋಷ್ಟಕದಲ್ಲಿ ಎಲೆಯ ಉದ್ದ ಒಂದರಲ್ಲೇ ವ್ಯತ್ಯಾಸ ಕಂಡರೆ ಬರೆಯುವುದನ್ನು ನಿಲ್ಲಿಸಿ ಮೂರನೇ ಹಂತಕ್ಕೆ ಮರಳಿ. ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಲಕ್ಷಣಗಳಾದರೂ ಪ್ರತಿ ಗಿಡದಲ್ಲೂ ಸ್ಥಿರವಾಗಿ ಬೇರೆಯಾಗಿರಬೇಕು.

ಹಂತ 9: ಎಷ್ಟು ಉಳಿದಿದೆ, ಎಲ್ಲಿದೆ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಮಾನದಂಡದ ಪ್ರಕಾರ ಗಿಡ ಅಳಿಯುವ ಅಪಾಯದ ಮಟ್ಟವನ್ನು ಅಂದಾಜಿಸಿ. ನೆಲೆಯ ವಿಸ್ತೀರ್ಣವನ್ನು 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಗಳಲ್ಲಿ ಲೆಕ್ಕ ಹಾಕುತ್ತಾರೆ. ಒಂದೇ ಜಾಗದಲ್ಲಿ ಕಂಡಿತೆಂದು "ತೀವ್ರ ಅಪಾಯದಲ್ಲಿದೆ" ಎಂದು ಬರೆದುಬಿಡಬೇಡಿ. ನೆಲೆ ಕುಗ್ಗುತ್ತಿರುವುದಕ್ಕೂ ಆಧಾರ ಬೇಕು. ಅಕ್ಕಪಕ್ಕದ ಹಳ್ಳಗಳನ್ನು ಹುಡುಕದಿದ್ದರೆ "ಮಾಹಿತಿ ಸಾಲದು" ಎನ್ನುವುದೇ ಪ್ರಾಮಾಣಿಕ.

ಜಿಪಿಎಸ್ ಅಂಕಿಗಳನ್ನು ಹರ್ಬೇರಿಯಂನ ಹಾಳೆಯಲ್ಲಿ ಪೂರ್ತಿ ಬರೆಯಿರಿ. ಅಪರೂಪದ, ಅಂದವಾದ ಗಿಡವಾದರೆ ಲೇಖನದಲ್ಲಿ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಿ. ಕುಂಡದಲ್ಲಿಡಲು ಕಿತ್ತು ಒಯ್ಯುವವರು ಲೇಖನಗಳನ್ನು ಓದುತ್ತಾರೆ. ಫೋಟೊವನ್ನು ಮೊಬೈಲಿನಿಂದ ಹಂಚುವಾಗ ಅದರೊಳಗೆ ಅಡಗಿರುವ ಸ್ಥಳದ ಗುರುತನ್ನೂ ಅಳಿಸಿ.

ಹಂತ 10: ಪ್ರಕಟಣೆ, ಆಮೇಲಿನ ಕೆಲಸ

ದಿನಪತ್ರಿಕೆಯ ಸುದ್ದಿ, ಫೇಸ್‌ಬುಕ್ ಪೋಸ್ಟು, ಸಮ್ಮೇಳನದ ಭಾಷಣ ಇವುಗಳಿಂದ ಹೆಸರು ಹುಟ್ಟುವುದಿಲ್ಲ. ಮುದ್ರಿತ ಪತ್ರಿಕೆ, ಇಲ್ಲವೇ ಐಎಸ್‌ಎಸ್‌ಎನ್ (ಪತ್ರಿಕೆಯ ನೋಂದಣಿ ಸಂಖ್ಯೆ) ಅಥವಾ ಐಎಸ್‌ಬಿಎನ್ (ಪುಸ್ತಕದ್ದು) ಇರುವ ಪಿಡಿಎಫ್ ಪ್ರಕಟಣೆ ಆಗಬೇಕು. ಅದಕ್ಕೆ ಮೊದಲೇ ಸುದ್ದಿಯಲ್ಲಿ ಹೆಸರು ಬಿಟ್ಟರೆ ವಿವರಣೆಯಿಲ್ಲದ ಬೆತ್ತಲೆ ಹೆಸರೊಂದು ಓಡಾಡಿ ಗೊಂದಲ ಉಳಿಯುತ್ತದೆ. ಇಂಡಿಯನ್ ಫರ್ನ್ ಜರ್ನಲ್, ಫರ್ನ್ ಗೆಜೆಟ್, ಫೈಟೋಟಾಕ್ಸಾ, ಭಾರತೀಯ ಸಸ್ಯಶಾಸ್ತ್ರ ಸರ್ವೇಕ್ಷಣೆಯ ನೆಲುಂಬೊ ಇವುಗಳ ಸೂಚನೆಗಳನ್ನು ಓದಿ ಹೊಂದುವುದನ್ನು ಆರಿಸಿ. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವವರಿಂದ ದೂರವಿರಿ. ಹೆಸರಿಡುವ ನಿಯಮಗಳು ಸಾಮಾನ್ಯವಾಗಿ ಆರು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತವೆ. 2024ರ ಮ್ಯಾಡ್ರಿಡ್ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದ ನಂತರದ ಆವೃತ್ತಿ 2025ರಲ್ಲಿ ಬಂದಿದೆ, ಅದನ್ನೇ ನೋಡಿ.

ಪ್ರಕಟವಾದ ಮೇಲೆ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ನೆನಪಿಡಿ. ಹೊಸ ಪ್ರಭೇದ ಕಂಡವರು ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಲೇಖನದ ಪ್ರತಿಯೊಂದನ್ನು ಅನುಮತಿ ಕೊಟ್ಟ ಕಚೇರಿಗೂ ಆ ಜಾಗದ ವಲಯ ಅರಣ್ಯಾಧಿಕಾರಿಗೂ ಕೊಡಿ, ಜೊತೆಗೆ ಗಿಡದ ಒಂದು ಒಳ್ಳೆಯ ಫೋಟೊ ಇರಲಿ. ರಸ್ತೆ ಅಗಲ ಮಾಡುವಾಗ, ಹಳ್ಳಕ್ಕೆ ಪೈಪು ಎಳೆಯುವಾಗ ಆ ಬಂಡೆಯ ಮೇಲೆ ಏನಿದೆಯೆಂದು ಅವರಿಗೆ ಗೊತ್ತಿರಬೇಕು. ಮುಂದಿನ ಸೆಪ್ಟೆಂಬರ್‌ನಲ್ಲಿ ಅಲ್ಲಿಗೇ ಹೋಗಿ ಗಿಡಗಳನ್ನು ಮತ್ತೆ ಎಣಿಸಿ, ಸಂಖ್ಯೆ ಮತ್ತು ದಿನಾಂಕವನ್ನು ಅದೇ ನೋಟ್‌ಪುಸ್ತಕದಲ್ಲಿ ಮೊದಲ ಎಣಿಕೆಯ ಕೆಳಗೆ ಬರೆದಿಡಿ.